ಆಪ್ಷನ್ ಎಂಟ್ರಿಗೆ ಮುಂಚೆ ಕಾಣಬೇಕಾದ ಲೆಕ್ಕ

ಮುಂಗಾರಿಗೆ ಮುಂಚೆ ಸೋಯಾ ಬೀಜ ತರಲು ಹುಮನಾಬಾದಿಗೋ ಬಸವಕಲ್ಯಾಣಕ್ಕೋ ಹೋಗುವ ಬೀದರ್ ಜಿಲ್ಲೆಯ ರಾಜೇಶ್ವರದ ರೈತ, ದುಡ್ಡು ಎಣಿಸುವ ಮೊದಲು ಚೀಲದ ಚೀಟಿ ನೋಡುತ್ತಾನೆ. ತಳಿ ಯಾವುದು, ಮೊಳಕೆ ಶೇಕಡಾ ಎಷ್ಟು ಎಂಬುದು ಅದರಲ್ಲಿ ಇರುತ್ತದೆ. 1966ರ ಬೀಜ ಕಾಯ್ದೆಯಿಂದಾಗಿ ಅದನ್ನು ಬರೆಯದೆ ಬೀಜ ಮಾರುವಂತಿಲ್ಲ. ಪ್ರಮಾಣಿತ ಸೋಯಾ ಬೀಜಕ್ಕೆ ಕನಿಷ್ಠ ಶೇ. 70ರಷ್ಟು ಮೊಳಕೆ ಇರಬೇಕೆಂಬ ನಿಯಮವೂ ಇದೆ. ಅದೇ ರೈತ ಅದೇ ಬೇಸಿಗೆಯಲ್ಲಿ ಮಗಳನ್ನು ಇಂಜಿನಿಯರಿಂಗಿಗೆ ಹಚ್ಚಲು ಐದಾರು ಲಕ್ಷ ಹೊಂದಿಸಲು ಹೊರಟರೆ ಅವನ ಕೈಗೆ ಸಿಗುವುದು ಬಣ್ಣದ ಬ್ರೋಷರ್, ಹೆದ್ದಾರಿ ಪಕ್ಕದ ಹೋರ್ಡಿಂಗಿನ ‘ಶೇ. 100 ಪ್ಲೇಸ್‌ಮೆಂಟ್’, ಮತ್ತು ಊರಲ್ಲಿ ಒಂದಿಬ್ಬರು ಓದಿದವರ ಮಾತು. ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ನಾಲ್ಕೇ ವರ್ಷಕ್ಕೆ ಪಾಸಾದರು, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಂಬಳ ಎಷ್ಟು ಎಂದು ಬರೆದ ಚೀಟಿ ಯಾವ ಕಾಲೇಜಿನ ಬಾಗಿಲಿಗೂ ಅಂಟಿಸಿಲ್ಲ.

ಇದು ಬರೀ ಮಾಹಿತಿಯ ಕೊರತೆ ಅಲ್ಲ, ಅನ್ಯಾಯ ಎಂಬುದು ನನ್ನ ವಾದ. ಲೆಕ್ಕದ ಬಹುಪಾಲು ಅಂಕಿಗಳು ಈಗಾಗಲೇ ಸರ್ಕಾರದ ಹತ್ತಿರ, ಕಾಲೇಜುಗಳ ಹತ್ತಿರ ಇವೆ. ಚದುರಿ ಹೋಗಿವೆ, ಅಷ್ಟೆ. ಅವನ್ನು ಕೂಡಿಸಿ ವಿದ್ಯಾರ್ಥಿಯ ಕಣ್ಣಿಗೆ ಬೀಳುವಂತೆ ಇಡುವುದು ಸರ್ಕಾರದ ಕರ್ತವ್ಯ. ಇಟ್ಟ ಮೇಲೆ ಆ ವಿದ್ಯಾರ್ಥಿಯ ಪಕ್ಕ ಕೂತು ಅದನ್ನು ಓದಿ ಹೇಳುವ ಒಬ್ಬರೂ ಬೇಕು. ಎರಡರಲ್ಲಿ ಒಂದನ್ನೇ ಮಾಡಿದರೆ ಬಡವರ ಮಕ್ಕಳಿಗೆ ಪ್ರಯೋಜನ ಆಗುವುದಿಲ್ಲ.

ರಾಜೇಶ್ವರದಂಥ ಊರಿನಲ್ಲಿ ಈ ಪ್ರಶ್ನೆ ಏಕೆ ಇಷ್ಟು ಗಟ್ಟಿ ಎಂದರೆ, ಇಲ್ಲಿಂದ ಹೊರಡುವ ದಾರಿಗಳು ಬಹಳ. ಪುಣೆ–ಹೈದರಾಬಾದ್ ಹೆದ್ದಾರಿ ಊರಿನ ಮೇಲೇ ಹಾಯುತ್ತದೆ. ಒಂದು ಕಾಲಕ್ಕೆ ಈ ಭಾಗದವರಿಗೆ ಇಂಜಿನಿಯರಿಂಗ್ ಎಂದರೆ 1958ರಲ್ಲಿ ಶುರುವಾದ ಕಲಬುರಗಿಯ ಪಿಡಿಎ ಕಾಲೇಜು ಮಾತ್ರ. 1980ರಲ್ಲಿ ಬೀದರಿಗೆ ಗುರುನಾನಕ್ ದೇವ್ ಕಾಲೇಜು ಬಂತು, ಆಮೇಲೆ ಭಾಲ್ಕಿಗೂ ಬಸವಕಲ್ಯಾಣಕ್ಕೂ ಇಂಜಿನಿಯರಿಂಗ್ ಕಾಲೇಜುಗಳು ಬಂದವು. ಈಗ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರ ಮುಂದೆ ಬೀದರ್, ಕಲಬುರಗಿ, ಬೆಂಗಳೂರು ಇವೆ. ಗಡಿಯಾಚೆ ಲಾತೂರು, ಸೋಲಾಪುರ, ಹೈದರಾಬಾದ್ ಇವೆ. ಇಂಜಿನಿಯರಿಂಗ್ ಅಲ್ಲದೆ ಫಾರ್ಮಸಿ, ನರ್ಸಿಂಗ್, ಡಿಪ್ಲೊಮಾ, ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿಎಸ್‌ಸಿ, ಬಿಕಾಂ ಇವೆ. ಆಯ್ಕೆ ಹೆಚ್ಚಾದಂತೆ ಹೋಲಿಸಿ ನೋಡುವ ಕಷ್ಟವೂ ಹೆಚ್ಚಾಗಿದೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವ ಮಗುವಿಗೆ ಆ ಕಷ್ಟದಲ್ಲಿ ಜೊತೆಗೆ ನಿಲ್ಲುವವರು ಯಾರೂ ಇಲ್ಲ.

ಮೊದಲು ಖರ್ಚಿನ ಮಾತು. ಪಾಲಕರು ಕಾಲೇಜಿನ ಕೌಂಟರಿನಲ್ಲಿ ಕೇಳುವ ಪ್ರಶ್ನೆ ಸರಿಯಾಗಿಯೇ ಇರುತ್ತದೆ: “ಸರ್, ನಾಕ್ ವರ್ಷಕ್ಕ ಪೂರಾ ಎಷ್ಟ್ ಖರ್ಚ್ ಬರ್ತದ್ರಿ?” ಅವರಿಗೆ ಸಿಗುವ ಉತ್ತರ ಮಾತ್ರ ಮೊದಲ ವರ್ಷದ ಫೀಸಿನದು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಆಪ್ಷನ್ ಎಂಟ್ರಿಯ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯಂತೆ ನಮೂದಿಸುವ ಪುಟದಲ್ಲಿ ತೋರಿಸುವುದೂ ಅಷ್ಟೇ. 2024-25ರಲ್ಲಿ ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಸರ್ಕಾರದ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿಯ ಸೀಟಿಗೆ, ಕಾಲೇಜಿನ ವರ್ಗ ನೋಡಿ, ವರ್ಷಕ್ಕೆ ಸುಮಾರು 76 ಸಾವಿರ ಇಲ್ಲವೆ 84 ಸಾವಿರ ರೂಪಾಯಿ ಇತ್ತು. ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಿಂದ ಸಿಗುವ ಕಾಮೆಡ್-ಕೆ ಸೀಟಿಗೆ, ಕೆಲವು ಕಾಲೇಜುಗಳಲ್ಲಿ, ಎರಡೂವರೆ ಲಕ್ಷಕ್ಕೂ ಮೇಲೆ. ಮ್ಯಾನೇಜ್‌ಮೆಂಟ್ ಸೀಟಿಗೆ ಎಷ್ಟು ಎಂಬುದು ಕಾಲೇಜು, ಬ್ರಾಂಚು, ಕೇಳುವವರ ಅವಸರ ನೋಡಿ ಬದಲಾಗುತ್ತದೆ.

ಬೆಂಗಳೂರಿನಲ್ಲಿ ಸಿಇಟಿ ಸೀಟು ಸಿಕ್ಕ ಒಬ್ಬ ಹುಡುಗಿಯ ಲೆಕ್ಕವನ್ನು ಹರವಿ ನೋಡೋಣ. ಇದು ಅಂದಾಜು ಲೆಕ್ಕ, ಆದರೆ ಈ ಭಾಗದ ಯಾವ ಮನೆಯೂ ಗುರುತು ಹಿಡಿಯಬಲ್ಲ ಲೆಕ್ಕ. ಫೀಸು 84 ಸಾವಿರ. ಊಟ ಸೇರಿ ಪಿಜಿ ತಿಂಗಳಿಗೆ 8 ಸಾವಿರವಾದರೆ ಹತ್ತು ತಿಂಗಳಿಗೆ 80 ಸಾವಿರ. ಹಾಸಿಗೆಗೂ ಅನ್ನಕ್ಕೂ ಆಗುವ ಖರ್ಚು ಫೀಸಿನ ಸರಿಸಮ ಬಂತು. ‘ಸ್ಕಿಲ್ ಲ್ಯಾಬ್’, ‘ಟ್ರೈನಿಂಗ್’ ಎಂಬ ಹೆಸರಿನಲ್ಲಿ ಕಾಲೇಜು ಪಡೆಯುವ ಇತರ ಶುಲ್ಕ, ಪರೀಕ್ಷೆ ಶುಲ್ಕ, ಪುಸ್ತಕ, ಹಬ್ಬಕ್ಕೆ ಊರಿಗೆ ಬಂದು ಹೋಗುವುದು, ಮೊದಲ ವರ್ಷ ಒಂದು ಲ್ಯಾಪ್‌ಟಾಪ್ ಸೇರಿಸಿದರೆ ವರ್ಷಕ್ಕೆ ಎರಡು ಲಕ್ಷ, ನಾಲ್ಕು ವರ್ಷಕ್ಕೆ ಎಂಟು ಲಕ್ಷ. ಅದೇ ಹುಡುಗಿ ಅದೇ ವರ್ಗದ ಫೀಸು ಕಟ್ಟಿ ಕಲಬುರಗಿಯಲ್ಲಿ ಹಾಸ್ಟೆಲ್ ಹಿಡಿದರೆ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ ಮುಗಿಯಬಹುದು. ಮನೆಯಿಂದಲೇ ಬಸವಕಲ್ಯಾಣದ ಕಾಲೇಜಿಗೆ ಓಡಾಡಿದರೆ ಇನ್ನೂ ಕಡಿಮೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಒಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನ ಪ್ರಯಾಣ ಹುಡುಗಿಯರಿಗೆ ಉಚಿತ. ಹುಮನಾಬಾದಿಗೆ ಓಡಾಡುವ ಡಿಗ್ರಿ ವಿದ್ಯಾರ್ಥಿನಿಗೆ ಇದು ದೊಡ್ಡ ಉಳಿತಾಯ. ಲಾತೂರಿಗೆ ಹೊರಟವಳಿಗೆ ಆ ಸೌಲಭ್ಯ ಗಡಿಯಲ್ಲಿ ನಿಂತುಹೋಗುತ್ತದೆ. ಇಂಥ ವ್ಯತ್ಯಾಸಗಳನ್ನು ಫೀಸಿನ ಪಟ್ಟಿ ತೋರಿಸುವುದಿಲ್ಲ.

ಬೆಂಗಳೂರು, ಕಲಬುರಗಿಯ ಕಾಲೇಜುಗಳ ನಡುವೆ ನಾಲ್ಕು ವರ್ಷಕ್ಕೆ ಬೀಳುವ ಈ ಎರಡು ಲಕ್ಷದ ಅಂತರ ಕೊಡಬೇಕಾದದ್ದೇ ಆಗಿರಬಹುದು, ಆಗಿರದೆಯೂ ಇರಬಹುದು. ಹೆಚ್ಚಿನ ಹಣಕ್ಕೆ ಹೆಚ್ಚಿನದು ಏನು ಸಿಗುತ್ತದೆ ಎಂಬುದು ಗೊತ್ತಿದ್ದರೆ ತಾನೆ ತೀರ್ಮಾನ ಮಾಡಲು ಬರುವುದು?

ಸಹಾಯದ ಕಡೆಗೆ ಬಂದರೆ ಗೊಂದಲ ಬೇರೆ ರೀತಿಯದು. ಸಹಾಯ ಇಲ್ಲ ಎಂದಲ್ಲ, ಇದೆ. ಒಂದೊಂದು ಒಂದೊಂದು ಬಾಗಿಲಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳು ಮಾಸಿಕ ನೆರವು. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ಇಂಜಿನಿಯರಿಂಗ್ ಓದುವ ರೈತರ ಮಗನಿಗೆ 10 ಸಾವಿರ, ಮಗಳಿಗೆ 11 ಸಾವಿರ ಎಂದು ನಿಗದಿ ಮಾಡಿತು. ತಾಂತ್ರಿಕ ಶಿಕ್ಷಣದ ಹುಡುಗಿಯರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಪ್ರಗತಿ ಯೋಜನೆ ವರ್ಷಕ್ಕೆ 50 ಸಾವಿರ ಕೊಡುತ್ತದೆ. ಪಿಯುಸಿಯಲ್ಲಿ ಮೇಲಿನ ಅಂಕ ಪಡೆದವರಿಗೆ ಕೇಂದ್ರದ ವಿದ್ಯಾರ್ಥಿವೇತನ ಡಿಗ್ರಿಯಲ್ಲಿ ವರ್ಷಕ್ಕೆ 12 ಸಾವಿರ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30 ಸಾವಿರ ಕೊಡುತ್ತಿದೆ. ಇವುಗಳ ಜೊತೆಗೆ ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಎಂಬ ಸೀಟುಗಳಿವೆ. ಮಂಜೂರಾದ ಸೀಟಿನ ಮೇಲೆ ಶೇ. 5ರಷ್ಟು ಹೆಚ್ಚುವರಿಯಾಗಿ, 8 ಲಕ್ಷದೊಳಗೆ ಆದಾಯವಿರುವ ಮನೆಯ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲದೆ ಕೊಡುವ ಸೀಟು ಅದು. ಒಂದೇ ಕಾಲೇಜು, ಒಂದೇ ಬ್ರಾಂಚು. ಎಸ್‌ಎನ್‌ಕ್ಯೂ ಸೀಟಿನವಳಿಗೂ ಸಾಮಾನ್ಯ ಸೀಟಿನವಳಿಗೂ ನಾಲ್ಕು ವರ್ಷದಲ್ಲಿ ಬೀಳುವ ವ್ಯತ್ಯಾಸ ಲಕ್ಷಗಳಲ್ಲಿ.

ಈ ಸಹಾಯಗಳನ್ನು ಲೆಕ್ಕಕ್ಕೆ ಹಿಡಿಯುವಾಗ ಎರಡು ಕಡೆ ಮನೆಗಳು ಎಡವುತ್ತವೆ. ಖಚಿತವಾಗಿ ಸಿಗುವುದನ್ನೂ ಸಿಗಬಹುದಾದುದನ್ನೂ ಒಂದೇ ಎಂದು ಎಣಿಸುವುದು ಮೊದಲನೆಯದು. ಪ್ರಗತಿಯಂಥದ್ದು ಅರ್ಹರೆಲ್ಲರಿಗೂ ಸಿಗುವುದಿಲ್ಲ, ಸಂಖ್ಯೆಗೆ ಮಿತಿ ಇದೆ. ಅದನ್ನು ನಂಬಿ ಸೀಟು ಹಿಡಿಯಬಾರದು. ಎರಡನೆಯದು ಇನ್ನೂ ದುಬಾರಿ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಮ್ಯಾನೇಜ್‌ಮೆಂಟ್ ಕೋಟಾದ ಸೀಟು, ಸ್ಪಾಟ್ ರೌಂಡಿನ ಸೀಟು ಅರ್ಹವಲ್ಲ. “ಈಗ ಸೇರ್ರಿ, ಆಮೇಲೆ ಸ್ಕಾಲರ್‌ಶಿಪ್ ಬರ್ತದ” ಎಂದು ಏಜೆಂಟ್ ಹೇಳಿದ ಮಾತನ್ನು ನಂಬಿ ಅಂಥ ಸೀಟು ಹಿಡಿದ ಕುಟುಂಬಕ್ಕೆ ಇದು ತಿಳಿಯುವುದು ಅರ್ಜಿ ತಿರಸ್ಕೃತವಾದ ಮೇಲೆ.

ಕಾಗದಪತ್ರದ ಕಷ್ಟವನ್ನು ಹೊರಗಿನವರು ಹಗುರವಾಗಿ ಕಾಣುತ್ತಾರೆ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಪಡೆದು ಅದರ ಆರ್‌ಡಿ ನಂಬರ್ ತಪ್ಪಿಲ್ಲದಂತೆ ತುಂಬಬೇಕು. ರೈತ ವಿದ್ಯಾನಿಧಿಗೆ ಅಪ್ಪನ ರೈತ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು. ಆಗಿಲ್ಲದಿದ್ದರೆ ಮಂಜೂರಾದ ಹಣವೂ ಖಾತೆಗೆ ಬೀಳುವುದಿಲ್ಲ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಅಕ್ಷರ ಇದ್ದರೆ ಅರ್ಜಿ ಅಲ್ಲಿಗೇ ನಿಂತಿತು. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇವೆಲ್ಲದರ ಮೇಲೆ 371(ಜೆ) ಪ್ರಮಾಣಪತ್ರವೂ ಬೇಕು. ಅದನ್ನು ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು.

ಆ ಪ್ರಮಾಣಪತ್ರದ ಬೆಲೆ ಎಷ್ಟು ಎಂದು ಬಿಡಿಸಿ ಹೇಳಬೇಕು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅಡಿ 2013ರಲ್ಲಿ ಹೊರಟ ಆದೇಶದಂತೆ ಈ ಭಾಗದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಸ್ಥಳೀಯರಿಗೆ ಮೀಸಲು. ಸೀಟು ಎಲ್ಲಿಯವರೆಗೆ ಹೋಯಿತು ಎಂಬ ಕಟ್-ಆಫ್ ಪಟ್ಟಿಯನ್ನು ಕೆಇಎ ಎರಡಾಗಿ ಪ್ರಕಟಿಸುತ್ತದೆ: ಸಾಮಾನ್ಯದ್ದು ಒಂದು, ಈ ಭಾಗದ ಮೀಸಲಿನದು ಇನ್ನೊಂದು. ಮೊಬೈಲಿನಲ್ಲಿ ಸಾಮಾನ್ಯ ಪಟ್ಟಿ ಮಾತ್ರ ನೋಡಿದ ಹುಡುಗಿ “ನನ್ನ ರ್‍ಯಾಂಕಿಗೆ ಆ ಕಾಲೇಜು ಸಿಗಲ್ಲ” ಎಂದು ತನಗೆ ಸಿಗಬಹುದಾಗಿದ್ದ ಒಳ್ಳೆಯ ಕಾಲೇಜಿನ ಹೆಸರನ್ನೇ ಆಪ್ಷನ್ನಿನಲ್ಲಿ ಹಾಕದೆ ಬಿಡುತ್ತಾಳೆ. ಈ ಭಾಗದ ಜನ ಹೋರಾಡಿ ಪಡೆದ ಹಕ್ಕು ಎರಡನೆಯ ಪಟ್ಟಿ ತೆರೆಯದ ಕಾರಣಕ್ಕೆ ವ್ಯರ್ಥವಾಗುವುದು ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಡುವ ಸಂಗತಿ.

ಇನ್ನು ಫಲ. ಕಾಲೇಜುಗಳು ಹೇಳಿಕೊಳ್ಳುವ ಪ್ಲೇಸ್‌ಮೆಂಟ್ ಅಂಕಿಯಲ್ಲಿ ನೋಡಬೇಕಾದ್ದು ಯಾವ ಸಂಖ್ಯೆಯಿಂದ ಭಾಗಿಸಿದ್ದಾರೆ ಎಂಬುದನ್ನು. ಸೇರಿದವರು 120, ಕೊನೆಯ ವರ್ಷಕ್ಕೆ ಬಂದವರು 90, ಬ್ಯಾಕ್‌ಲಾಗ್ ಇಲ್ಲದೆ ಪ್ಲೇಸ್‌ಮೆಂಟಿಗೆ ಹೆಸರು ಕೊಡಲು ಅರ್ಹರಾದವರು 40, ಅವರಲ್ಲಿ ಕೆಲಸ ಸಿಕ್ಕವರು 36 ಎಂದಿಟ್ಟುಕೊಳ್ಳಿ. ಹೋರ್ಡಿಂಗಿನ ಮೇಲೆ ಅದು ಶೇ. 90 ಆಗುತ್ತದೆ. ಸೇರಿದವರ ಲೆಕ್ಕಕ್ಕೆ ಶೇ. 30. ಸಂಬಳದ ವಿಷಯದಲ್ಲೂ ಹಾಗೆಯೇ. ಒಬ್ಬನಿಗೆ ಸಿಕ್ಕ ದೊಡ್ಡ ಪ್ಯಾಕೇಜಿನ ಫೋಟೋ ಹಾಕುತ್ತಾರೆ. ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಸಾಲಿನಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಂತವನಿಗೆ ಎಷ್ಟು ಎಂದು ಹೇಳುವುದಿಲ್ಲ. ಪಾಲಕರಿಗೆ ಬೇಕಾದದ್ದು ಆ ನಡುವಿನವನ ಸಂಬಳ. ಅದು ಏಕೆ ಬೇಕು ಎಂಬುದನ್ನು ಸಾಲದ ಕಂತು ಹೇಳುತ್ತದೆ: 6 ಲಕ್ಷ ಸಾಲ, ಶೇ. 10 ಬಡ್ಡಿ, 7 ವರ್ಷದ ಮರುಪಾವತಿ ಎಂದರೆ ತಿಂಗಳಿಗೆ ಹೆಚ್ಚುಕಡಿಮೆ 10 ಸಾವಿರ ಕಂತು, ಓದುವಾಗ ಏರಿದ ಬಡ್ಡಿ ಬಿಟ್ಟು. ಬೆಂಗಳೂರಿನಲ್ಲಿ 20 ಸಾವಿರಕ್ಕೆ ಕೆಲಸಕ್ಕೆ ಸೇರಿದ ಹುಡುಗ ಪಿಜಿಗೆ 8 ಸಾವಿರ ಕೊಟ್ಟು ಕಂತು ಕಟ್ಟಿದರೆ ಅವನ ಕೈಯಲ್ಲಿ ಉಳಿಯುವುದು 2 ಸಾವಿರ. ಆಗ ಕಂತು ಕಟ್ಟುವವನು ಊರಲ್ಲಿರುವ ಅಪ್ಪ, ತೊಗರಿ ಮಾರಿದ ದುಡ್ಡಿನಿಂದ.

ಈ ಅಂಕಿ ಎಲ್ಲೂ ಇಲ್ಲ ಎನ್ನುವಂತಿಲ್ಲ. 2016ರಿಂದ ಕಾಲೇಜುಗಳ ರ್‍ಯಾಂಕ್ ಪಟ್ಟಿ ಪ್ರಕಟಿಸುತ್ತಿರುವ ಕೇಂದ್ರದ ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕುವ ಪ್ರತಿ ಕಾಲೇಜು ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಪಾಸಾದರು, ಎಷ್ಟು ಮಂದಿಗೆ ಕೆಲಸ, ನಡುವಿನ ಸಂಬಳ ಎಷ್ಟು, ಎಷ್ಟು ಮಂದಿ ಮುಂದಿನ ಓದಿಗೆ ಹೋದರು ಎಂದು ತುಂಬಿಕೊಡಬೇಕು. ಎಷ್ಟು ಮಕ್ಕಳಿಗೆ ಪೂರ್ತಿ ಫೀಸು ಮರುಪಾವತಿಯಾಯಿತು ಎಂಬುದೂ ಆ ನಮೂನೆಯಲ್ಲಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ವರದಿಯ ಐದನೆಯ ಮಾನದಂಡ ವಿದ್ಯಾರ್ಥಿವೇತನ ಮತ್ತು ಉದ್ಯೋಗದ ಅಂಕಿ ಕೇಳುತ್ತದೆ. ಎಐಸಿಟಿಇ ಪ್ರತಿ ತಾಂತ್ರಿಕ ಕಾಲೇಜಿನಿಂದ ಕಡ್ಡಾಯ ಪ್ರಕಟಣೆ ಬಯಸುತ್ತದೆ. ಎಲ್ಲವೂ ಇಂಗ್ಲಿಷಿನಲ್ಲಿ, ಕಾಲೇಜಿನ ಜಾಲತಾಣದ ಯಾವುದೋ ಮೂಲೆಯ ಪಿಡಿಎಫ್‌ನಲ್ಲಿ. ಬಹುಪಾಲು ಕಾಲೇಜೇ ಬರೆದುಕೊಂಡದ್ದು.

ಕಾಲೇಜು ತಾನೇ ಬರೆದುಕೊಳ್ಳದ ಅಂಕಿಯೂ ಸರ್ಕಾರದ ಹತ್ತಿರ ಒಂದಿದೆ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ, ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3 ಸಾವಿರ, ಡಿಪ್ಲೊಮಾದವರಿಗೆ 1,500 ಕೊಡುತ್ತದೆ. ಪ್ರತಿ ಅರ್ಜಿಯ ಹಿಂದೆ ಒಂದು ಪದವಿ, ಒಂದು ಕಾಲೇಜು ಇದೆ. ಹೆಸರು ತೆಗೆದು, ಕಾಲೇಜುವಾರು, ಕೋರ್ಸುವಾರು ಸಂಖ್ಯೆ ಮಾತ್ರ ಪ್ರಕಟಿಸಿದರೆ ಯಾವ ಕೋರ್ಸು ಮುಗಿಸಿದವರು ಕೆಲಸವಿಲ್ಲದೆ ಕೂತಿದ್ದಾರೆ ಎಂಬುದು ಮೊದಲ ಸಲ ಜನರಿಗೆ ಕಾಣುತ್ತದೆ. ಎಲ್ಲರೂ ಅರ್ಜಿ ಹಾಕಿರುವುದಿಲ್ಲ, ಹೊರರಾಜ್ಯಕ್ಕೆ ಹೋದವರು ಅದರಲ್ಲಿ ಕಾಣುವುದಿಲ್ಲ ಎಂಬ ಮಿತಿ ಇದ್ದೇ ಇದೆ. ಮಿತಿಯನ್ನು ಪಕ್ಕದಲ್ಲೇ ಬರೆದು ಪ್ರಕಟಿಸಲಿ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧ, ರಾಸಾಯನಿಕ ಕಾರ್ಖಾನೆಗಳಿವೆ. ಇಲ್ಲಿಯ ಸರ್ಕಾರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದವರು ಅಲ್ಲಿ ಎಷ್ಟು ಮಂದಿ ಸೇರಿದರು ಎಂಬುದು ಗೊತ್ತಾದರೆ, ಸುಮ್ಮನೆ ದೂರದ ಇಂಜಿನಿಯರಿಂಗ್ ಸೀಟಿಗೆ ಸಾಲ ಮಾಡುವ ಮನೆ ಒಮ್ಮೆ ನಿಂತು ಯೋಚಿಸೀತು.

ಹೀಗೆ ಅಂಕಿ ಪ್ರಕಟಿಸುವುದಕ್ಕೆ ಆಕ್ಷೇಪಗಳಿವೆ, ತೂಕದವೂ ಇವೆ. ಓದನ್ನು ಸಂಬಳದಿಂದ ಅಳೆಯಬಾರದು ಎನ್ನುವವರ ಮಾತು ನನಗೆ ಒಪ್ಪಿಗೆ. ಆದರೆ ಅಂಕಿಯನ್ನು ಮುಚ್ಚಿಟ್ಟರೆ ಓದಿನ ಘನತೆ ಉಳಿಯುತ್ತದೆ ಎಂದು ನಾನು ಒಪ್ಪುವುದಿಲ್ಲ. ಸಾಹಿತ್ಯವನ್ನೋ ಇತಿಹಾಸವನ್ನೋ ಪ್ರೀತಿಸಿ ಆರಿಸುವ ಹುಡುಗಿ ಎಲ್ಲ ತಿಳಿದು ಆರಿಸಲಿ. ಅದು ಗಟ್ಟಿ ಆಯ್ಕೆಯಾಗುತ್ತದೆ.

ಹೆಚ್ಚು ಕಾಡುವ ಆಕ್ಷೇಪ ಇನ್ನೊಂದು. ಅಂಕಿ ಹೊರಬಿದ್ದರೆ ಬೀದರ್, ಬಸವಕಲ್ಯಾಣದಂಥ ಕಡೆಯ ಕಾಲೇಜುಗಳು ಬೆಂಗಳೂರಿನ ಮುಂದೆ ಬಡವಾಗಿ ಕಾಣುತ್ತವೆ, ಇದ್ದ ಮಕ್ಕಳೂ ಬಿಟ್ಟುಹೋಗುತ್ತಾರೆ, ಹಿಂದುಳಿದ ನಾಡು ಇನ್ನೂ ಹಿಂದೆ ಬೀಳುತ್ತದೆ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದವು ಎಂದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಆದ್ದರಿಂದ ಈ ಭಯ ಸುಳ್ಳಲ್ಲ. ಇದಕ್ಕೆ ಉತ್ತರ ಹೋಲಿಕೆಯ ಕ್ರಮದಲ್ಲಿದೆ. 5 ಸಾವಿರದೊಳಗಿನ ರ್‍ಯಾಂಕಿನವರನ್ನು ಸೇರಿಸಿಕೊಂಡ ಕಾಲೇಜನ್ನೂ ಲಕ್ಷದ ರ್‍ಯಾಂಕಿನವರಿಗೆ ಕಲಿಸುವ ಕಾಲೇಜನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ತಪ್ಪು. ಒಂದೇ ರ್‍ಯಾಂಕಿನ ಸುತ್ತಮುತ್ತ ಬಂದ ಮಕ್ಕಳು ಯಾವ ಕಾಲೇಜಿನಲ್ಲಿ ಎಲ್ಲಿಯವರೆಗೆ ಹೋದರು ಎಂದು ನೋಡಿದರೆ, ಕಷ್ಟದ ಮಕ್ಕಳನ್ನು ಕೈ ಹಿಡಿದು ಮೇಲೆತ್ತುವ ಇಲ್ಲಿಯ ಕಾಲೇಜಿಗೆ ಸಿಗಬೇಕಾದ ಮರ್ಯಾದೆ ಸಿಗುತ್ತದೆ. ಕಲಿಸದೆ ಫೀಸು ಮಾತ್ರ ಪಡೆಯುವ ಕಾಲೇಜನ್ನು ‘ನಮ್ಮ ಭಾಗದ್ದು’ ಎಂಬ ಅಭಿಮಾನದಿಂದ ಕಾಯುವುದು ನಮ್ಮ ಮಕ್ಕಳಿಗೆ ನಾವೇ ಮಾಡುವ ದ್ರೋಹ.

ಎಲ್ಲವನ್ನೂ ಒಂದು ಜಾಲತಾಣದಲ್ಲಿ ಹಾಕಿದರೆ ಮುಗಿಯಿತಲ್ಲ ಎನ್ನುವವರೂ ಇದ್ದಾರೆ. ಅಮೆರಿಕ ಅದನ್ನು ಮಾಡಿ ನೋಡಿದೆ. 2015ರಲ್ಲಿ ಅಲ್ಲಿಯ ಸರ್ಕಾರ ‘ಕಾಲೇಜ್ ಸ್ಕೋರ್‌ಕಾರ್ಡ್’ ಹೊಸ ರೂಪದಲ್ಲಿ ಹೊರತಂದು ಪ್ರತಿ ಕಾಲೇಜಿನ ನಿಜವಾದ ಖರ್ಚು, ಪಾಸಾಗುವವರ ಪ್ರಮಾಣ, ಮುಂದಿನ ಗಳಿಕೆಯನ್ನು ಎಲ್ಲರ ಮುಂದಿಟ್ಟಿತು. ಗಳಿಕೆಯ ಅಂಕಿಯನ್ನು ತೆರಿಗೆ ದಾಖಲೆಯಿಂದಲೇ ತೆಗೆದರು. ಒಳ್ಳೆಯ ಕೆಲಸವೇ. ಆದರೆ ಹರ್ವಿಟ್ಜ್ ಮತ್ತು ಸ್ಮಿತ್ ಎಂಬ ಸಂಶೋಧಕರು ಪರೀಕ್ಷಿಸಿದಾಗ ಆ ಗಳಿಕೆಯ ಅಂಕಿ ನೋಡಿ ಆಯ್ಕೆ ಬದಲಿಸಿದವರು ಹೆಚ್ಚಾಗಿ ಮೊದಲೇ ಅನುಕೂಲಸ್ಥ ಶಾಲೆಗಳಲ್ಲಿದ್ದ ಮಕ್ಕಳು. ಬೆಟಿಂಜರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟ. ಬಡ ಕುಟುಂಬಗಳು ತೆರಿಗೆ ಅರ್ಜಿ ತುಂಬಿಸಲು ಬಂದಾಗ ಅಲ್ಲೇ ಕೂರಿಸಿ ವಿದ್ಯಾರ್ಥಿವೇತನದ ಅರ್ಜಿಯನ್ನೂ ತುಂಬಿಕೊಟ್ಟರು. ಆ ಮನೆಯ ಮಕ್ಕಳು ಕಾಲೇಜಿಗೆ ಹೋಗುವ ಪ್ರಮಾಣ 8 ಶೇಕಡಾವಾರು ಅಂಶದಷ್ಟು ಏರಿತು. ಎಷ್ಟು ಸಹಾಯ ಸಿಗುತ್ತದೆ ಎಂದು ಬರೀ ತಿಳಿಸಿ ಕಳಿಸಿದ ಮನೆಗಳಲ್ಲಿ ಏನೂ ಬದಲಾಗಲಿಲ್ಲ. ಅರ್ಜಿಯನ್ನು ಜೊತೆಗೆ ಕೂತು ತುಂಬಿಕೊಟ್ಟರೆ ಪ್ರಯೋಜನ. ಬರೀ ಸುದ್ದಿ ಸಿಕ್ಕರೆ ಇಲ್ಲ.

ಆದ್ದರಿಂದ ಕೆಇಎಗೆ ನನ್ನ ಒತ್ತಾಯ ಇದು: ಆಪ್ಷನ್ ಎಂಟ್ರಿಯ ಪುಟದಲ್ಲಿ ಕಾಲೇಜಿನ ಹೆಸರಿನ ಎದುರು ಈಗಿರುವ ಫೀಸಿನ ಜೊತೆಗೆ ಹಾಸ್ಟೆಲ್ ಸೇರಿ ಪೂರ್ಣಾವಧಿಯ ಅಂದಾಜು ಖರ್ಚು, ಕಳೆದ ಸಾಲಿನಲ್ಲಿ ಶುಲ್ಕ ಮರುಪಾವತಿ ಪಡೆದವರ ಸಂಖ್ಯೆ, ಸೇರಿದವರಲ್ಲಿ ಸಮಯಕ್ಕೆ ಪಾಸಾದವರು, ಕೆಲಸ ಸಿಕ್ಕವರು ಮತ್ತು ನಡುವಿನ ಸಂಬಳ ಕನ್ನಡದಲ್ಲಿ ಕಾಣಲಿ. ಲಾಗಿನ್ ಆದವರು 371(ಜೆ)ಗೆ ಅರ್ಹರಾದರೆ ಆ ಭಾಗದ ಕಟ್-ಆಫ್ ತಾನಾಗಿಯೇ ಮೊದಲು ತೆರೆಯಲಿ. ಅಂಕಿ ಕೊಡದ ಕಾಲೇಜಿನ ಎದುರು ‘ಮಾಹಿತಿ ಕೊಟ್ಟಿಲ್ಲ’ ಎಂದು ದಪ್ಪಕ್ಷರದಲ್ಲಿ ಬರಲಿ. ಆ ಎರಡು ಪದ ಓದಿದ ಪಾಲಕರು ಉಳಿದದ್ದನ್ನು ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ಪಕ್ಕ ಕೂರುವ ಕೆಲಸ ಪಿಯು ಕಾಲೇಜಿನಿಂದಲೇ ಆಗಬೇಕು. ಪ್ರತಿ ಸರ್ಕಾರಿ ಪಿಯು ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರಿಗೆ ಈ ಹೊಣೆ ಕೊಟ್ಟು, ತರಬೇತಿ ಕೊಟ್ಟು, ಅದಕ್ಕೆ ಗೌರವಧನವನ್ನೂ ಕೊಡಬೇಕು; ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಶಿಕ್ಷಣದ ಅನುದಾನದಲ್ಲಿ ಇದು ದೊಡ್ಡ ಮೊತ್ತವೇನಲ್ಲ. ಕಟ್ಟಡಕ್ಕೆ ಹೋಗುವ ಹಣದ ಒಂದು ಸಣ್ಣ ಪಾಲು ಸಾಕು. ದ್ವಿತೀಯ ಪಿಯುಸಿಯ ದೀಪಾವಳಿ ರಜೆಯೊಳಗೆ ಆರ್‌ಡಿ ನಂಬರ್, 371(ಜೆ) ಪತ್ರ, ಎಫ್‌ಐಡಿ, ಆಧಾರ್ ಸೀಡಿಂಗ್ ಎಲ್ಲ ಆಗಿರಬೇಕು. ಪರೀಕ್ಷೆ ಮುಗಿದ ಮೇಲೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಪಾಲಕರನ್ನೂ ಕೂರಿಸಿಕೊಂಡು ಮೂರು ಕಾಲೇಜಿನ ಲೆಕ್ಕವನ್ನು ಒಂದು ಹಾಳೆಯ ಮೇಲೆ ಹಾಕಬೇಕು. ಸೀಟು ಹಂಚಿಕೆಯಾದ ಮೇಲೆ ಸೇರುವ ಛಾಯ್ಸ್ 1 ಒತ್ತಬೇಕೋ, ಮುಂದಿನ ಸುತ್ತಿಗೆ ಕಾಯುವ ಛಾಯ್ಸ್ 2 ಒತ್ತಬೇಕೋ ಎಂದು ಸೈಬರ್ ಸೆಂಟರಿನವನನ್ನು ಕೇಳುವ ಸ್ಥಿತಿ ಯಾವ ಮಗುವಿಗೂ ಬರಬಾರದು.

ಸರ್ಕಾರ ಮಾಡುವವರೆಗೆ ಮನೆಗಳು ಕಾಯಬೇಕಿಲ್ಲ. ಪಾಲಕರೇ, ಕಾಲೇಜಿಗೆ ಹೋದಾಗ ಕೌಂಟರಿನಲ್ಲಿ ಈ ಪ್ರಶ್ನೆಗಳನ್ನು ಕೇಳಿ: ಪೂರ್ಣಾವಧಿಗೆ ಒಟ್ಟು ಎಷ್ಟು, ಈ ಸೀಟಿಗೆ ಯಾವ ವಿದ್ಯಾರ್ಥಿವೇತನ ಅನ್ವಯಿಸುತ್ತದೆ, ನಾಲ್ಕು ವರ್ಷದ ಹಿಂದೆ ಈ ಬ್ರಾಂಚಿಗೆ ಸೇರಿದವರಲ್ಲಿ ಎಷ್ಟು ಮಂದಿ ಈ ವರ್ಷ ಪಾಸಾಗಿ ಕೆಲಸಕ್ಕೆ ಸೇರಿದರು. ಉತ್ತರವನ್ನು ಬರವಣಿಗೆಯಲ್ಲಿ ಕೇಳಿ. ಕೊಡದ ಕಾಲೇಜಿಗೆ ಅಡ್ವಾನ್ಸ್ ಕಟ್ಟಬೇಡಿ.